ಖಾತೆಗೆ ಬಂದ ಹಣ ಬೇರೆ, ವಹಿವಾಟು ಬೇರೆ, ಆದಾಯ ಬೇರೆ

ಪ್ರಶ್ನೆ: ತುಮಕೂರಿನ ಶಿರಾ ಗೇಟ್ ಬಳಿ ಹನ್ನೊಂದು ವರ್ಷಗಳಿಂದ ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದೇನೆ. 2024-25ರಲ್ಲಿ ಸುಮಾರು 17 ಲಕ್ಷ ರೂಪಾಯಿ ವ್ಯಾಪಾರವಾಗಿತ್ತು. 2025ರ ಜೂನ್‌ನಿಂದ ಹೊಸ ಮೋಟಾರ್, ಸ್ಟಾರ್ಟರ್, ಕೇಬಲ್ ಮಾರಾಟವನ್ನೂ ಆರಂಭಿಸಿದೆ. 2025-26ರಲ್ಲಿ ನನ್ನ ಉಳಿತಾಯ ಖಾತೆಗೆ 52 ಲಕ್ಷ ಬಂದಿದೆ. ಅದರಲ್ಲಿ ಅಂಗಡಿಯದು 31 ಲಕ್ಷ. ತಂದೆಯವರ ಕೊಬ್ಬರಿ ಮಾರಿದ ಹಣ 7 ಲಕ್ಷ, ಚೀಟಿ ಎತ್ತಿದ ಹಣ 5 ಲಕ್ಷ, ಮನೆ ಕಟ್ಟಲು ತಮ್ಮ ಕಳುಹಿಸಿದ್ದು 6 ಲಕ್ಷ, ಸ್ನೇಹಿತನಿಂದ ಪಡೆದ ಕೈಸಾಲ 3 ಲಕ್ಷ. ಇದಲ್ಲದೆ ಅಂಗಡಿಯಲ್ಲಿ ನಗದಾಗಿ ಬಂದು ನಗದಾಗಿಯೇ ಖರ್ಚಾದದ್ದು 5 ಲಕ್ಷ ಇರಬಹುದು. ಒಟ್ಟು ವ್ಯಾಪಾರದಲ್ಲಿ ಸರಕು 22 ಲಕ್ಷ, ರಿವೈಂಡಿಂಗ್ ಮತ್ತು ರಿಪೇರಿ 14 ಲಕ್ಷ. ಅಂಗಡಿಯ ವ್ಯಾಪಾರ 40 ಲಕ್ಷದ ಒಳಗಿರುವುದರಿಂದ ಜಿಎಸ್‌ಟಿ ಬೇಡ ಎಂದುಕೊಂಡಿದ್ದೇನೆ. ಆದರೆ ಖಾತೆಯ 52 ಲಕ್ಷ ನೋಡಿ ನೋಟಿಸ್ ಬಂದರೆ ಏನು ಮಾಡಲಿ? ಕ್ಯೂಆರ್ ತೆಗೆದುಬಿಡಲೇ? ಹೊಸ ಮೋಟಾರ್ ವ್ಯಾಪಾರವನ್ನು ಹೆಂಡತಿಯ ಹೆಸರಿಗೆ ಮಾಡಿ ಎಂದು ಒಬ್ಬರು ಹೇಳುತ್ತಾರೆ. ಪರಿಚಿತರೊಬ್ಬರು ಪ್ರತಿವರ್ಷ ಎರಡೂವರೆ ಲಕ್ಷ ಆದಾಯ ತೋರಿಸಿ ರಿಟರ್ನ್ ಸಲ್ಲಿಸಿಕೊಡುತ್ತಾರೆ. ನಿಜವಾಗಿ ಖರ್ಚು ಕಳೆದು ತಿಂಗಳಿಗೆ 50 ಸಾವಿರ ಮನೆಗೆ ಹೋಗುತ್ತದೆ. ಪಾವಗಡ, ಮಧುಗಿರಿ ಕಡೆಯಿಂದ ಮಾತ್ರವಲ್ಲ, ಆಂಧ್ರದ ಮಡಕಶಿರಾ, ಹಿಂದೂಪುರದಿಂದಲೂ ರೈತರು ಬರುತ್ತಾರೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೆದರಿರುವ ಜಾಗದಲ್ಲಿ ಹೆದರಿಕೆಗೆ ಹೆಚ್ಚು ಕಾರಣವಿಲ್ಲ. ಧೈರ್ಯವಾಗಿರುವ ಜಾಗದಲ್ಲಿಯೇ ತೊಂದರೆ ಇದೆ. 52 ಲಕ್ಷಕ್ಕೆ ದಾಖಲೆ ಸಹಿತ ಉತ್ತರ ಕೊಡಬಹುದು. ಆದರೆ 40 ಲಕ್ಷದ ಮಿತಿ ನಿಮಗೆ ಅನ್ವಯಿಸುವುದೇ ಇಲ್ಲ.

ಮೊದಲು ಖಾತೆಗೆ ಬಂದ ಹಣದ ವಿಷಯ. ಸಣ್ಣ ವ್ಯಾಪಾರಿಗಳು ಮೂರು ಬೇರೆ ಬೇರೆ ಮೊತ್ತಗಳನ್ನು ಒಂದೇ ಎಂದುಕೊಳ್ಳುವುದನ್ನು ನನ್ನ ವೃತ್ತಿಯಲ್ಲಿ ದಿನವೂ ಕಾಣುತ್ತೇನೆ: ಖಾತೆಗೆ ಜಮಾ ಆದ ಹಣ, ವಹಿವಾಟು ಮತ್ತು ಆದಾಯ. ನಿಮ್ಮ ವಿಷಯದಲ್ಲಿ ಜಮಾ 52 ಲಕ್ಷ, ವಹಿವಾಟು 36 ಲಕ್ಷ, ಆದಾಯ ಸುಮಾರು 6 ಲಕ್ಷ. ಜಿಎಸ್‌ಟಿ ಕೇಳುವುದು ಎರಡನೆಯದನ್ನು, ಆದಾಯ ತೆರಿಗೆ ಕೇಳುವುದು ಮೂರನೆಯದನ್ನು. ಆದರೆ ಇಲಾಖೆಯ ಕಂಪ್ಯೂಟರ್‌ಗೆ ಮೊದಲು ಕಾಣುವುದು ಜಮಾ ಮೊತ್ತ. ಅಲ್ಲಿಂದ ಉಳಿದೆರಡಕ್ಕೆ ಹೇಗೆ ಬಂದಿರಿ ಎಂದು ತೋರಿಸುವ ಹೊಣೆ ನಿಮ್ಮದು.

2025ರ ಜುಲೈ ನಿಮಗೆ ನೆನಪಿರಬೇಕು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಪಾವತಿಗಳ ಮಾಹಿತಿಯ ಆಧಾರದ ಮೇಲೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ, ಹಾಲಿನ ಅಂಗಡಿಗಳವರಿಗೆ ನೋಟಿಸ್ ಕಳುಹಿಸಿತು. ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ನಡೆಸಿ, ನೋಂದಣಿ ಮಾಡಿಕೊಳ್ಳುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಬಂದ್ ಕರೆ ಹಿಂದಕ್ಕೆ ಹೋಯಿತು. ಆ ಭರವಸೆ ಅಂದಿನ ನೋಟಿಸ್‌ಗಳ ಕುರಿತದ್ದು. ಅದನ್ನು ನಂಬಿ 2025-26ರ ನಿಮ್ಮ ಲೆಕ್ಕವನ್ನು ಬಿಟ್ಟುಬಿಡಬೇಡಿ.

ಈಗ ಅಂಗಡಿಯದಲ್ಲದ 21 ಲಕ್ಷ. ಇದರಲ್ಲಿ ಒಂದು ರೂಪಾಯಿಯೂ ನಿಮ್ಮ ವಹಿವಾಟಲ್ಲ, ನಿಮ್ಮ ಆದಾಯವೂ ಅಲ್ಲ. ಆದರೆ ಪ್ರತಿಯೊಂದಕ್ಕೂ ಕಾಗದ ಬೇಕು. ತಮ್ಮ ಕಳುಹಿಸಿದ 6 ಲಕ್ಷಕ್ಕೆ ಅವರ ಬ್ಯಾಂಕ್ ಖಾತೆಯ ವಿವರವೂ ಒಂದು ಸಾಲಿನ ಪತ್ರವೂ ಸಾಕು. ಒಡಹುಟ್ಟಿದವರಿಂದ ಬಂದ ಹಣಕ್ಕೆ ತೆರಿಗೆ ಇಲ್ಲ. ಚೀಟಿಗೆ ಪಾಸ್‌ಬುಕ್ ಇರಲಿ. ಕೈಸಾಲ ಖಾತೆಯಿಂದ ಖಾತೆಗೆ ಬಂದಿದೆ, ಒಳ್ಳೆಯದಾಯಿತು. ಅದೇ 3 ಲಕ್ಷವನ್ನು ನಗದಾಗಿ ಪಡೆದಿದ್ದರೆ ವಿಷಯ ಬಹಳ ಗಂಭೀರವಾಗುತ್ತಿತ್ತು. 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸುತ್ತದೆ, ದಂಡ ಸಾಲದ ಮೊತ್ತದಷ್ಟೇ ಆಗಬಹುದು. ಮರಳಿ ಕೊಡುವಾಗಲೂ ಖಾತೆಯ ಮೂಲಕವೇ ಕೊಡಿ. ಮಾರಾಟದಲ್ಲೂ ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ದೊಡ್ಡ ಪಂಪ್‌ಸೆಟ್ ಜೊತೆಗೆ ಕೇಬಲ್, ಪೈಪ್ ಎಲ್ಲ ಸೇರಿದಾಗ ಈ ಮೊತ್ತ ತಲುಪುವುದು ಕಷ್ಟವೇನಲ್ಲ.

ಕೊಬ್ಬರಿ ಹಣದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ತಿಪಟೂರು, ಗುಬ್ಬಿ, ತುರುವೇಕೆರೆ ಕಡೆಯ ಮನೆಗಳಲ್ಲಿ ಈ ತಪ್ಪು ಸಾಮಾನ್ಯ. ತೋಟ ತಂದೆಯವರದು, ಪಹಣಿ ಅವರ ಹೆಸರಿನಲ್ಲಿದೆ, ಮಾರುಕಟ್ಟೆಯ ಪಟ್ಟಿಯೂ ಅವರ ಹೆಸರಿನಲ್ಲಿದೆ, ಆದರೆ ಹಣ ಮಾತ್ರ ‘ಮಗನಿಗೆ ಫೋನ್‌ಪೇ ಇದೆ’ ಎಂದು ನಿಮ್ಮ ಖಾತೆಗೆ ಬರುತ್ತದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಕಾಯಿ ಒಣಗಿಸಿ ಕೊಬ್ಬರಿ ಮಾಡುವುದು ರೈತರು ಸಾಮಾನ್ಯವಾಗಿ ಮಾಡುವ ಕೆಲಸವೇ ಆದ್ದರಿಂದ ಅದು ಕೃಷಿ ಆದಾಯವಾಗಿಯೇ ಉಳಿಯುತ್ತದೆ. ತಾನು ಬೆಳೆದದ್ದನ್ನು ಮಾರುವ ರೈತನಿಗೆ ಆ ಮಾರಾಟಕ್ಕಾಗಿ ಜಿಎಸ್‌ಟಿ ನೋಂದಣಿಯೂ ಬೇಡ. ಆದರೆ ಆ ವಿನಾಯಿತಿ ತಂದೆಯವರದು, ನಿಮ್ಮದಲ್ಲ. ನಿಮ್ಮ ರಿಟರ್ನ್‌ನಲ್ಲಿ 7 ಲಕ್ಷ ಕೃಷಿ ಆದಾಯ ಎಂದು ಬರೆಯಬೇಡಿ. ಪಹಣಿ ಮತ್ತು ಪಟ್ಟಿಯ ನಕಲು ಇಟ್ಟುಕೊಳ್ಳಿ. ಮುಂದಿನ ಕೊಯ್ಲಿನಿಂದ ಹಣ ತಂದೆಯವರ ಖಾತೆಗೇ ಹೋಗಲಿ. ಮುಂದೆ ಜಮೀನು ಭಾಗವಾಗಿ ನಿಮ್ಮ ಹೆಸರಿಗೆ ಬಂದಾಗ ಲೆಕ್ಕ ಬೇರೆ: ವ್ಯಾಪಾರದ ಆದಾಯ ಮೂಲ ವಿನಾಯಿತಿಯನ್ನು, ಅಂದರೆ ತೆರಿಗೆಯೇ ಇಲ್ಲದ ಮೊದಲ ಹಂತವನ್ನು ಮೀರಿ, ನಿವ್ವಳ ಕೃಷಿ ಆದಾಯ 5,000 ರೂಪಾಯಿ ದಾಟಿದ್ದರೆ, ತೆರಿಗೆಯ ದರ ನಿರ್ಧರಿಸಲು ಅದನ್ನೂ ಸೇರಿಸಿಕೊಳ್ಳುತ್ತಾರೆ.

ಇನ್ನು ನಿಮ್ಮನ್ನು ನಿಜವಾಗಿ ಕಾಡಬೇಕಾದ ವಿಷಯಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಗೆ 40 ಲಕ್ಷದ ಮಿತಿ ಇರುವುದು ಸರಕನ್ನು ಮಾತ್ರ ಮಾರುವವರಿಗೆ. ಸೇವೆ ಕೊಡುವವರಿಗೆ ಮಿತಿ 20 ಲಕ್ಷ. ಸರಕು, ಸೇವೆ ಎರಡೂ ಇದ್ದರೆ? ‘ಸರಕು ಮಾತ್ರ’ ಎಂಬ ಮಾತೇ ಬಿದ್ದುಹೋಗುತ್ತದೆ, ಹಾಗಾಗಿ ಎರಡನ್ನೂ ಕೂಡಿಸಿ 20 ಲಕ್ಷವೇ ಮಿತಿ. ಸುಟ್ಟ ಮೋಟಾರ್ ಬಿಚ್ಚಿ, ಹಳೆಯ ತಂತಿ ತೆಗೆದು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಸೇವೆ. 2024-25ರಲ್ಲಿ 17 ಲಕ್ಷ ಇದ್ದಾಗ ನೀವು ಮಿತಿಯ ಒಳಗಿದ್ದಿರಿ. 2025-26ರಲ್ಲಿ 20 ಲಕ್ಷ ದಾಟಿದ ದಿನ ನೋಂದಣಿಯ ಹೊಣೆ ಹುಟ್ಟಿತು, ಅಂದಿನಿಂದ 30 ದಿನಗಳೊಳಗೆ ಅರ್ಜಿ ಹಾಕಬೇಕಿತ್ತು. ಈ ಲೆಕ್ಕಕ್ಕೆ ನಗದಿನ 5 ಲಕ್ಷವೂ ಸೇರುತ್ತದೆ, ಹಳೆಯ ತಾಮ್ರವನ್ನು ಗುಜರಿಗೆ ಹಾಕಿ ಬಂದ ಹಣವೂ ಸೇರುತ್ತದೆ. ತಾಮ್ರದ ಹಣವನ್ನು ರಿವೈಂಡಿಂಗ್ ಅಂಗಡಿಯವರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ನಿಮ್ಮ 36 ಲಕ್ಷದಲ್ಲಿ ಅದು ಇದೆಯೇ ಎಂದು ನೋಡಿಕೊಳ್ಳಿ.

ಈಗ ಮಾಡಬೇಕಾದದ್ದು ಹೀಗೆ. ಬ್ಯಾಂಕ್ ವಿವರ, ಬಿಲ್ ಪುಸ್ತಕ, ನೆನಪು ಮೂರನ್ನೂ ಹಿಡಿದು ಕುಳಿತು 20 ಲಕ್ಷ ದಾಟಿದ ದಿನವನ್ನು ಗುರುತಿಸಿ. ತಡಮಾಡದೆ ನೋಂದಣಿಗೆ ಅರ್ಜಿ ಹಾಕಿ, ಪೋರ್ಟಲ್‌ನಲ್ಲಿ ಅದಕ್ಕೆ ಶುಲ್ಕವಿಲ್ಲ. ದಾಟಿದ ದಿನದಿಂದ ಇಲ್ಲಿಯವರೆಗಿನ ತೆರಿಗೆಯನ್ನು ಬಡ್ಡಿಯೊಂದಿಗೆ ನೀವಾಗಿಯೇ ಕಟ್ಟಿ. ಮೋಸದ ಉದ್ದೇಶವಿಲ್ಲದ ಪ್ರಕರಣದಲ್ಲಿ, ನೋಟಿಸ್ ಬರುವ ಮೊದಲೇ ತೆರಿಗೆ ಮತ್ತು ಬಡ್ಡಿ ಕಟ್ಟಿದವರಿಗೆ ದಂಡ ಹಾಕುವುದಿಲ್ಲ ಎಂದು ಕಾನೂನೇ ಹೇಳುತ್ತದೆ. ಗೊತ್ತಿದ್ದೂ ಸುಮ್ಮನಿದ್ದರೆ ಆ ರಕ್ಷಣೆ ಸಡಿಲವಾಗುತ್ತದೆ. ಈ ಉತ್ತರ ಓದಿದ ಮೇಲೆ ನಿಮಗೆ ಗೊತ್ತಾಗಿದೆ, ಆದ್ದರಿಂದ ಇನ್ನೊಂದು ಸುಗ್ಗಿ ಕಳೆಯಲಿ ಎಂದು ಕಾಯಬೇಡಿ.

ನೋಂದಣಿಯಲ್ಲಿ ಎರಡು ದಾರಿಗಳಿವೆ: ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್, ಮತ್ತು ಸಾಮಾನ್ಯ ನೋಂದಣಿ. ಕಾಂಪೊಸಿಷನ್‌ನಲ್ಲಿ ವ್ಯಾಪಾರಿಗೆ ಶೇ 1 ಮಾತ್ರ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಶೇ 1ರ ದಾರಿಯಲ್ಲಿ ಸೇವೆಗೆ ಮಿತಿ ಇದೆ: ಹಿಂದಿನ ವರ್ಷದ ವಹಿವಾಟಿನ ಶೇ 10 ಅಥವಾ 5 ಲಕ್ಷ, ಯಾವುದು ಹೆಚ್ಚೋ ಅಷ್ಟು. ನಿಮ್ಮ ರಿಪೇರಿಯೇ 14 ಲಕ್ಷ ಇರುವಾಗ ಆ ಬಾಗಿಲು ಮುಚ್ಚಿದೆ. ಉಳಿಯುವುದು 50 ಲಕ್ಷದವರೆಗಿನವರಿಗಿರುವ ಶೇ 6ರ ಯೋಜನೆ. 36 ಲಕ್ಷಕ್ಕೆ ಶೇ 6 ಎಂದರೆ 2,16,000 ರೂಪಾಯಿ. ಅದನ್ನು ಗ್ರಾಹಕರಿಂದ ತೆರಿಗೆ ಎಂದು ಪಡೆಯುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತೆಯೂ ಇಲ್ಲ.

ಸಾಮಾನ್ಯ ನೋಂದಣಿಯಲ್ಲಿ ಹೇಗಾಗುತ್ತದೆ ನೋಡೋಣ. ಇಲ್ಲಿ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ನಿಮ್ಮ 22 ಲಕ್ಷದ ಸರಕಿಗೆ ಖರೀದಿ 19 ಲಕ್ಷ ಎಂದುಕೊಳ್ಳೋಣ. 14 ಲಕ್ಷದ ರಿಪೇರಿಗೆ ತಂತಿ, ಬೇರಿಂಗ್, ವಾರ್ನಿಷ್ ಸೇರಿ ನಾಲ್ಕೂವರೆ ಲಕ್ಷದ ಖರೀದಿ, ಎಲ್ಲಕ್ಕೂ ಶೇ 18 ತೆರಿಗೆ ಸೇರಿದ ಬೆಲೆ. ಹಾಗಾದರೆ ನಿಮ್ಮ ಕೈಯಲ್ಲಿ ಉಳಿಯುವುದು 12.5 ಲಕ್ಷ. ಬಾಡಿಗೆ, ಇಬ್ಬರು ಹುಡುಗರ ಸಂಬಳ, ಕರೆಂಟ್ ಬಿಲ್ ಕಳೆದು ವರ್ಷಕ್ಕೆ 6 ಲಕ್ಷ ಮನೆಗೆ ಹೋಗುವುದು ಈ ಹಣದಿಂದಲೇ. ನೀವು ದರವನ್ನು ಒಂದು ರೂಪಾಯಿಯೂ ಏರಿಸಲಿಲ್ಲ ಎಂದಾದರೂ, ಈ 12.5 ಲಕ್ಷದಲ್ಲಿ 118ಕ್ಕೆ 18ರ ಪಾಲು (100ರ ಬೆಲೆಗೆ 18 ತೆರಿಗೆ ಸೇರಿ 118), ಸುಮಾರು 1,90,000 ರೂಪಾಯಿ ತೆರಿಗೆಯಾಗಿ ಹೋಗುತ್ತದೆ. ಶೇ 6ರ ಯೋಜನೆಗಿಂತ ಇದೇ ಕಡಿಮೆ. ಕಾರ್ಖಾನೆಯ ಕೆಲಸ ಹಿಡಿದರೆ ಲಾಭ ಇನ್ನೂ ಸ್ಪಷ್ಟ. ವಸಂತನರಸಾಪುರದ ಕಾರ್ಖಾನೆಯವರು ನಿಮ್ಮ ಬಿಲ್‌ನ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಾರೆ, ಆದ್ದರಿಂದ ಅವರಿಗೆ ಅದು ಹೊರೆಯಲ್ಲ. ಎಷ್ಟೋ ಕಡೆ ಜಿಎಸ್‌ಟಿ ಬಿಲ್ ಇಲ್ಲದವರನ್ನು ಒಳಗೇ ಬಿಡುವುದಿಲ್ಲ. ನನ್ನ ಸಲಹೆ ಸಾಮಾನ್ಯ ನೋಂದಣಿಯೇ. ನಿಮ್ಮ ಗಾತ್ರದ ವ್ಯಾಪಾರಕ್ಕೆ ರಿಟರ್ನ್ ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಅವಕಾಶವೂ ಇದೆ, ತೆರಿಗೆ ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಆದರೆ ಒಂದು ಷರತ್ತು: ತಂತಿಯನ್ನು ಬಿಲ್ ಇಲ್ಲದೆ ಕೊಳ್ಳುವ ಅಭ್ಯಾಸ ಇಂದೇ ನಿಲ್ಲಬೇಕು. ಬಿಲ್ ಇಲ್ಲದ ತಂತಿ ಕಿಲೋಗೆ ಸ್ವಲ್ಪ ಅಗ್ಗವಾಗಿ ಕಂಡರೂ ಅದರ ಪೂರ್ತಿ ತೆರಿಗೆ ನಿಮ್ಮ ತಲೆಯ ಮೇಲೆ ಬರುತ್ತದೆ.

1,90,000 ನಿಮಗೆ ಸಣ್ಣ ಮೊತ್ತವಲ್ಲ ಎಂದು ನನಗೆ ಗೊತ್ತು. ಮನೆಗೆ ಹೋಗುವ 6 ಲಕ್ಷದ ಮೂರನೇ ಒಂದು ಪಾಲು ಅದು. ಬೋರ್‌ವೆಲ್ ಬತ್ತಿ ಮೋಟಾರ್ ಸುಟ್ಟುಕೊಂಡು ಬಂದ ರೈತನ ಮುಂದೆ ‘ತೆರಿಗೆ ಸೇರಿ ಇಷ್ಟು’ ಎನ್ನುವುದು ಸುಲಭವೂ ಅಲ್ಲ. ಆದರೂ ರಿವೈಂಡಿಂಗ್ ದರವನ್ನು ಹಂತಹಂತವಾಗಿ ಏರಿಸಲೇಬೇಕು. ಹನ್ನೊಂದು ವರ್ಷಗಳ ಕೈಕೆಲಸಕ್ಕೆ ಬೆಲೆ ಇದೆ, ಮೋಟಾರ್ ಮತ್ತೆ ಸುಡದಂತೆ ಕಟ್ಟಿಕೊಡುವವರನ್ನು ರೈತ ಸುಲಭವಾಗಿ ಬಿಡುವುದಿಲ್ಲ.

ಹೆಂಡತಿಯ ಹೆಸರಿಗೆ ಮಾಡಿ ಎಂಬ ಸಲಹೆಗೆ ಬರೋಣ. ಕೇಳಲು ಬಹಳ ಚೆನ್ನಾಗಿದೆ: ಸರಕು 22 ಲಕ್ಷ ಅವರ ಹೆಸರಿನಲ್ಲಿ, ಸೇವೆ 14 ಲಕ್ಷ ನಿಮ್ಮ ಹೆಸರಿನಲ್ಲಿ, ಇಬ್ಬರೂ ಮಿತಿಯೊಳಗೆ. ಮಿತಿಯನ್ನು ಪ್ಯಾನ್ ಲೆಕ್ಕದಲ್ಲಿ ನೋಡುವುದರಿಂದ ಕಾಗದದ ಮೇಲೆ ಇದು ಸರಿಯೇ. ನಿಮ್ಮ ಶ್ರೀಮತಿಯವರು ತಮ್ಮ ಉಳಿತಾಯ ಅಥವಾ ತಮ್ಮ ಹೆಸರಿನ ಸಾಲದಿಂದ ಬಂಡವಾಳ ಹಾಕಿ, ತಮ್ಮ ಖಾತೆಯಲ್ಲಿ ಹಣ ಪಡೆದು, ತಾವೇ ಖರೀದಿ ನೋಡಿಕೊಂಡು, ಬೇರೆ ಪರವಾನಗಿಯಲ್ಲಿ ಅಂಗಡಿ ನಡೆಸುವುದಾದರೆ ನಾನು ಸಂತೋಷದಿಂದ ಬೆಂಬಲಿಸುತ್ತೇನೆ. ಆದರೆ ಅದೇ ಗಲ್ಲಾಪೆಟ್ಟಿಗೆ, ಅದೇ ಬೋರ್ಡ್, ಅದೇ ಗೋಡೌನ್, ಅವರ ಹೆಸರಿನಲ್ಲಿ ಒಂದು ಕ್ಯೂಆರ್ ಮಾತ್ರ ಬೇರೆ ಎಂದಾದರೆ ಅದು ಒಂದೇ ವ್ಯಾಪಾರ. ತನಿಖೆಯಲ್ಲಿ ಅವರನ್ನು ಕೂರಿಸಿ ‘ಕಳೆದ ತಿಂಗಳು ಯಾವ ಮೋಟಾರ್ ಕೊಂಡಿರಿ’ ಎಂದು ಕೇಳಿದರೆ ಸಾಕು. ಆದಾಯ ತೆರಿಗೆಯಲ್ಲೂ ಗಂಡ ಕೊಟ್ಟ ಬಂಡವಾಳದಿಂದ ಹೆಂಡತಿಗೆ ಬಂದ ಆದಾಯ ಗಂಡನ ಲೆಕ್ಕಕ್ಕೇ ಸೇರುತ್ತದೆ. ತಿಳಿಯದೆ ಆದ ತಪ್ಪನ್ನು ಬೇಕೆಂದೇ ಮಾಡಿದ ಮೋಸವನ್ನಾಗಿ ಬದಲಿಸುವ ಸಲಹೆ ಇದು. ದಯವಿಟ್ಟು ಅವರನ್ನು ಇದಕ್ಕೆ ಎಳೆಯಬೇಡಿ.

ಕ್ಯೂಆರ್ ತೆಗೆಯಬೇಡಿ. ನಗದಿನ ವ್ಯಾಪಾರವೂ ವಹಿವಾಟೇ ಆದ್ದರಿಂದ ತೆಗೆದು ಉಳಿಸುವುದು ಏನೂ ಇಲ್ಲ. ಬದಲಿಗೆ ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದು, ಕ್ಯೂಆರ್ ಅನ್ನು ಅದಕ್ಕೆ ಜೋಡಿಸಿ. ಚೀಟಿ, ಕೊಬ್ಬರಿ, ಮನೆ ಖರ್ಚು ಎಲ್ಲವೂ ಹಳೆಯ ಉಳಿತಾಯ ಖಾತೆಯಲ್ಲೇ ಇರಲಿ. ಮುಂದಿನ ವರ್ಷ ನೀವು ಈ ಪತ್ರ ಬರೆಯುವ ಅಗತ್ಯವೇ ಬರುವುದಿಲ್ಲ.

ಕ್ಯೂಆರ್‌ನಿಂದ ಆದಾಯ ತೆರಿಗೆಯಲ್ಲಿ ಅನುಕೂಲವೂ ಇದೆ. ನಿಮ್ಮ ಪರಿಚಿತರು ಬಳಸುತ್ತಿರುವುದು ಸೆಕ್ಷನ್ 44ಎಡಿಯ ಅಂದಾಜು ಆದಾಯ ಪದ್ಧತಿ ಇರಬೇಕು. 2 ಕೋಟಿವರೆಗಿನ ವಹಿವಾಟಿಗೆ ಇದು ಲಭ್ಯ, ನಗದು ಶೇ 5ರೊಳಗಿದ್ದರೆ 3 ಕೋಟಿವರೆಗೆ. ಬ್ಯಾಂಕ್ ಮೂಲಕ ಬಂದದ್ದಕ್ಕೆ ಕನಿಷ್ಠ ಶೇ 6, ನಗದಿಗೆ ಕನಿಷ್ಠ ಶೇ 8 ಲಾಭ ಎಂದು ಘೋಷಿಸಿದರೆ ಲೆಕ್ಕಪುಸ್ತಕ ಇಡುವ, ಆಡಿಟ್ ಮಾಡಿಸುವ ಕಡ್ಡಾಯವಿಲ್ಲ. ನಿಮಗೆ 31 ಲಕ್ಷದ ಶೇ 6 ಎಂದರೆ 1,86,000, 5 ಲಕ್ಷದ ಶೇ 8 ಎಂದರೆ 40,000, ಒಟ್ಟು 2,26,000. ಅದಕ್ಕೇ ಅವರು ಎರಡೂವರೆ ಲಕ್ಷ ಬರೆಯುತ್ತಿದ್ದಾರೆ.

ಇದನ್ನು ನಾನು ಒಪ್ಪುವುದಿಲ್ಲ. ಶೇ 6 ಮತ್ತು 8 ಕನಿಷ್ಠ ಮಟ್ಟ ಮಾತ್ರ, ಅದಕ್ಕಿಂತ ಹೆಚ್ಚು ಗಳಿಸಿದವರು ಹೆಚ್ಚನ್ನೇ ತೋರಿಸಬೇಕು. ನಿಜವಾದ ಆದಾಯ 6 ಲಕ್ಷ ಇರುವಾಗ ಎರಡೂವರೆ ಲಕ್ಷ ತೋರಿಸಿ ನೀವು ಉಳಿಸುವ ತೆರಿಗೆ ಎಷ್ಟು ಗೊತ್ತೇ? ಸೊನ್ನೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ನಂತರದ 2 ಲಕ್ಷಕ್ಕೆ ಶೇ 5ರಂತೆ 10,000 ರೂಪಾಯಿ. ಒಟ್ಟು ಆದಾಯ 12 ಲಕ್ಷದೊಳಗೆ ಇರುವವರಿಗೆ 60,000ದವರೆಗೆ ರಿಯಾಯಿತಿ ಇರುವುದರಿಂದ ಆ ಹತ್ತು ಸಾವಿರವೂ ಮನ್ನಾ. ಸಂಬಳದಾರರಿಗೆ ಸಿಗುವ 75,000ದ ಪ್ರಮಾಣಿತ ಕಡಿತ ನಿಮಗಿಲ್ಲ, ಆದರೂ ತೆರಿಗೆ ಬರುವುದಿಲ್ಲ. ಸುಳ್ಳಿನಿಂದ ಲಾಭವಿಲ್ಲ, ನಷ್ಟ ಮಾತ್ರ ಇದೆ. ಮನೆ ಕಟ್ಟುತ್ತಿದ್ದೀರಿ, ನಾಳೆ ಬ್ಯಾಂಕಿಗೆ ಗೃಹಸಾಲ ಕೇಳಲು ಹೋದರೆ ಅವರು ನೋಡುವುದು ಈ ರಿಟರ್ನ್‌ಗಳನ್ನೇ. ಎರಡೂವರೆ ಲಕ್ಷ ಆದಾಯದವನಿಗೆ ಯಾವ ಬ್ಯಾಂಕ್ ಎಷ್ಟು ಸಾಲ ಕೊಟ್ಟೀತು? ವರ್ಷಕ್ಕೆ 6 ಲಕ್ಷ ದುಡಿಯುವ ಕುಶಲಕರ್ಮಿಯೊಬ್ಬ ಸುಮ್ಮಸುಮ್ಮನೆ ತನ್ನನ್ನು ಕಾಗದದ ಮೇಲೆ ಬಡವನನ್ನಾಗಿ ಮಾಡಿಕೊಳ್ಳುವುದು ನನಗೆ ಬೇಸರ ತರಿಸುತ್ತದೆ.

ಇದೇ ವಿಷಯದಲ್ಲಿ ಕೆಲವು ಎಚ್ಚರಿಕೆಗಳು. ಈ ಪದ್ಧತಿಯಲ್ಲಿದ್ದವರು ಮುಂದಿನ ಐದು ವರ್ಷಗಳೊಳಗೆ ಒಮ್ಮೆ ಕನಿಷ್ಠ ದರಕ್ಕಿಂತ ಕಡಿಮೆ ಲಾಭ ತೋರಿಸಿ ಹೊರಬಂದರೆ, ಆಮೇಲೆ ಐದು ವರ್ಷ ಅದರೊಳಗೆ ಬರುವಂತಿಲ್ಲ. ಲಾಭ ಹೆಚ್ಚಾಗಿ ತೆರಿಗೆ 10,000 ರೂಪಾಯಿ ಮುಟ್ಟುವ ವರ್ಷ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬೇಕು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಬದಲು 2025ರ ಆದಾಯ ತೆರಿಗೆ ಕಾಯ್ದೆ ಅನ್ವಯ, ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. ಅಂದಾಜು ಆದಾಯ ಪದ್ಧತಿ ಮುಂದುವರಿಯುತ್ತದೆ. ನಿಮ್ಮ 2025-26ರ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯ. ಕಡ್ಡಾಯವಿಲ್ಲದಿದ್ದರೂ ಕಿರ್ದಿ ಪುಸ್ತಕವೊಂದನ್ನು ಇಡಿ, ಜಿಎಸ್‌ಟಿಗೆ ಅದು ಬೇಕೇ ಬೇಕು.

ಕಾರ್ಖಾನೆಯ ಕೆಲಸ ಮಾಡಿದಾಗ ಅವರು ನಿಮ್ಮ ಬಿಲ್‌ನಲ್ಲಿ ಶೇ 1 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯಬಹುದು. ಅದು ನಿಮ್ಮದೇ ಹಣ, ರಿಟರ್ನ್‌ನಲ್ಲಿ ಕೇಳಿದರೆ ಮರಳಿ ಬರುತ್ತದೆ. ರಿಟರ್ನ್ ಸಲ್ಲಿಸುವ ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ 26ಎಎಸ್ (ನಿಮ್ಮ ಹೆಸರಿನಲ್ಲಿ ಜಮಾ ಆದ ತೆರಿಗೆಯ ವಿವರ) ಮತ್ತು ವಾರ್ಷಿಕ ಮಾಹಿತಿ ಪಟ್ಟಿ ತೆರೆದು ನೋಡಿ. ಇಲಾಖೆಗೆ ಏನೇನು ತಿಳಿದಿದೆ ಎಂಬುದು ಅಲ್ಲಿಯೇ ಕಾಣುತ್ತದೆ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನೂ ಮಾಡಿಸಿಕೊಳ್ಳಿ, ಅದು ಉಚಿತ. ರಿಪೇರಿಯಂಥ ಸೇವೆ ಕೊಡುವ ಕಿರು ಉದ್ಯಮಕ್ಕೆ ಖರೀದಿದಾರರು ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಕೊಡಬೇಕೆಂಬ ಕಾನೂನಿನ ಬಲ ಅದರಿಂದ ಸಿಗುತ್ತದೆ. ಜಿಎಸ್‌ಟಿ ನೋಂದಣಿಯ ನಂತರ ರಾಜ್ಯದ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಇರುತ್ತದೆ, ಮರೆಯಬೇಡಿ.

ಕೊನೆಯದಾಗಿ ಗಡಿಯಾಚೆಯ ಗಿರಾಕಿಗಳು. ಹೊರ ರಾಜ್ಯಕ್ಕೆ ತೆರಿಗೆಯುಳ್ಳ ಸರಕು ಮಾರುವವರಿಗೆ ವಹಿವಾಟಿನ ಮಿತಿಯೇ ಇಲ್ಲ, ಮೊದಲ ಮಾರಾಟದಿಂದಲೇ ನೋಂದಣಿ ಕಡ್ಡಾಯ. ಮಡಕಶಿರಾದ ರೈತ ನಿಮ್ಮ ಅಂಗಡಿಗೇ ಬಂದು ಮೋಟಾರ್ ಒಯ್ದರೂ, 2023ರ ಅಕ್ಟೋಬರ್ 1ರಿಂದ ಇರುವ ನಿಯಮದಂತೆ, ನೋಂದಣಿಯಿಲ್ಲದ ಗ್ರಾಹಕನ ವಿಳಾಸವನ್ನು ಬಿಲ್‌ನಲ್ಲಿ ಬರೆದಿದ್ದರೆ ಆ ವಿಳಾಸದ ರಾಜ್ಯಕ್ಕೇ ಮಾರಾಟವಾಯಿತು ಎಂದು ಲೆಕ್ಕ. ವಿಳಾಸ ಇಲ್ಲದಿದ್ದರೆ ನಿಮ್ಮ ಅಂಗಡಿಯ ಊರೇ ಲೆಕ್ಕ. ವಾರಂಟಿಗಾಗಿ ನೀವು ಊರಿನ ಹೆಸರು ಬರೆದೇ ಇರುತ್ತೀರಿ. ಹಾಗಾಗಿ 2025ರ ಜೂನ್‌ನಿಂದ ಬರೆದ ಬಿಲ್‌ಗಳನ್ನೆಲ್ಲ ತೆಗೆದು, ಆಂಧ್ರದ ವಿಳಾಸವಿರುವುದನ್ನು ಬೇರೆ ಕಟ್ಟಾಗಿ ಇಟ್ಟುಕೊಳ್ಳಿ. ಅಂಥ ಮೊದಲ ಬಿಲ್‌ನ ದಿನಾಂಕ ನೀವು 20 ಲಕ್ಷ ದಾಟಿದ ದಿನಕ್ಕಿಂತ ಹಿಂದಿನದಾಗಿದ್ದರೆ, ನಿಮ್ಮ ತೆರಿಗೆ ಹೊಣೆ ಆ ದಿನದಿಂದಲೇ ಆರಂಭವಾಗುತ್ತದೆ. ತೆರಿಗೆ ಸಲಹೆಗಾರರ ಬಳಿ ಹೋಗುವಾಗ ಬ್ಯಾಂಕ್ ವಿವರದ ಜೊತೆ ಆ ಕಟ್ಟನ್ನೂ ತೆಗೆದುಕೊಂಡು ಹೋಗಿ.